ಏರ್ ಪ್ಯೂರಿಫೈಯರ್ ಕೊಳ್ಳುವ ಮೊದಲು: ಮಲಗುವ ಸ್ಪೀಡ್‌ನಲ್ಲಿ ಅದು ಎಷ್ಟು ಗಾಳಿ ಕೊಡುತ್ತದೆ?

ಮಧ್ಯಮ ಬೆಲೆಯ ಏರ್ ಪ್ಯೂರಿಫೈಯರ್ ಕೊಳ್ಳಲು ಹೊರಟವರೆಲ್ಲ ಹೆಚ್ಚುಕಮ್ಮಿ ಒಂದೇ ಕಡೆ ಬಂದು ನಿಲ್ಲುತ್ತಾರೆ. ಮೂರ್ನಾಲ್ಕು ಮಾಡೆಲ್ ಆರಿಸಿಟ್ಟಿರುತ್ತಾರೆ. ಎಲ್ಲದರಲ್ಲೂ ಸಣ್ಣ ಕಣ ಹಿಡಿಯುವ ಹೆಪಾ ಫಿಲ್ಟರ್ ಇದೆ. ಎಲ್ಲದರ ಮೇಲೂ ಶೇಕಡಾ 99.97 ಅಂತ ಬರೆದಿದೆ. ಬೆಲೆಯಲ್ಲೂ ಅಂಥ ವ್ಯತ್ಯಾಸ ಇಲ್ಲ. ಒಂದಕ್ಕೆ ಆ್ಯಪ್ ಇದೆ, ಇನ್ನೊಂದಕ್ಕೆ ಅಯಾನೈಸರ್ ಇದೆ, ಮತ್ತೊಂದು ನೋಡೋಕೆ ಚೆನ್ನಾಗಿದೆ. "ಯಾವುದು ತಗೊಳ್ಳಲಿ?" ಅಂತ ಕೇಳುತ್ತಾರೆ.

ನಾನು ತಿರುಗಿ ಕೇಳುವುದು ಇಷ್ಟೇ: ರಾತ್ರಿ ಮಲಗುವಾಗ ಇದನ್ನು ಯಾವ ಸ್ಪೀಡ್‌ನಲ್ಲಿ ಇಡುತ್ತೀರಿ? ಆ ಸ್ಪೀಡ್‌ನಲ್ಲಿ ಇದು ಎಷ್ಟು ಗಾಳಿ ಶುದ್ಧ ಮಾಡುತ್ತದೆ?

ಪೆಟ್ಟಿಗೆಯ ಮೇಲೆ ಇದಕ್ಕೆ ಉತ್ತರ ಸಿಗುವುದು ಅಪರೂಪ. ಆದರೆ ಮನೆಯಲ್ಲಿ ಯಂತ್ರ ಹೆಚ್ಚು ಹೊತ್ತು ಓಡುವುದು ಆ ಸ್ಪೀಡ್‌ನಲ್ಲೇ. ಹಾಗಾಗಿ ಬೇರೆಲ್ಲ ವಿಷಯವನ್ನೂ ಈ ಪ್ರಶ್ನೆಯ ಪಕ್ಕದಲ್ಲಿಟ್ಟು ನೋಡೋಣ.

ಮೊದಲು ಕೋಣೆಯ ಲೆಕ್ಕ

ನೋಡಬೇಕಾದ ಮೊದಲ ಅಂಕಿ ಸಿಎಡಿಆರ್. ಯಂತ್ರ ನಿಮಿಷಕ್ಕೆ ಅಥವಾ ಗಂಟೆಗೆ ಎಷ್ಟು ಶುದ್ಧ ಗಾಳಿ ಹೊರಗೆ ಬಿಡುತ್ತದೆ ಅನ್ನುವುದರ ಅಳತೆ ಇದು. ಕೆಲವರು ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಅಂತ ಕೊಡುತ್ತಾರೆ. ಕೆಲವರು ಗಂಟೆಗೆ ಎಷ್ಟು ಘನ ಮೀಟರ್ ಅಂತ ಕೊಡುತ್ತಾರೆ. ಒಂದು ಸಿಎಫ್‌ಎಂ ಅಂದರೆ ಗಂಟೆಗೆ ಸುಮಾರು 1.7 ಘನ ಮೀಟರ್. ಎರಡು ಯಂತ್ರಗಳನ್ನು ಹೋಲಿಸುವಾಗ ಎರಡೂ ಅಂಕಿ ಒಂದೇ ಅಳತೆಯಲ್ಲಿವೆಯಾ ಅಂತ ನೋಡಿಕೊಳ್ಳಿ. 240 ಅಂತ ಬರೆದಿರುವ ಯಂತ್ರ 200 ಅಂತ ಬರೆದಿರುವುದಕ್ಕಿಂತ ಚಿಕ್ಕದಾಗಿರಬಹುದು.

ನಿಮ್ಮ ಕೋಣೆಗೆ ಎಷ್ಟು ಬೇಕು? ಕೋಣೆಯ ಗಾಳಿಯೆಲ್ಲ ಗಂಟೆಗೆ ಸುಮಾರು ಐದು ಸಲ ಫಿಲ್ಟರ್ ದಾಟುವಂತಿದ್ದರೆ ಒಳ್ಳೆಯದು. ಇದಕ್ಕೊಂದು ಸುಲಭದ ಲೆಕ್ಕ ಇದೆ. ಉದ್ದ, ಅಗಲ, ಎತ್ತರ ಮೂರನ್ನೂ ಅಡಿಗಳಲ್ಲಿ ಗುಣಿಸಿ, ಬಂದದ್ದನ್ನು 12ರಿಂದ ಭಾಗಿಸಿ. ಅಷ್ಟು ಸಿಎಫ್‌ಎಂ ಬೇಕು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಮಲಗುವ ಕೋಣೆ ಅಂದರೆ 1200 ಘನ ಅಡಿ. 12ರಿಂದ ಭಾಗಿಸಿದರೆ 100 ಸಿಎಫ್‌ಎಂ, ಗಂಟೆಗೆ 170 ಘನ ಮೀಟರ್. ಅದೇ ಎತ್ತರದ, 20 ಅಡಿಗೆ 15 ಅಡಿಯ ಹಾಲ್ ಆದರೆ 250 ಸಿಎಫ್‌ಎಂ ಬೇಕು.

"750 ಚದರ ಅಡಿಗೆ ಸಾಕು" ಅನ್ನುವ ಜಾಹೀರಾತನ್ನು ನಂಬಿ ಕೊಳ್ಳಬೇಡಿ. ಗಂಟೆಗೆ ಒಂದೇ ಸಲ ಗಾಳಿ ಬದಲಾದರೆ ಸಾಕು ಅಂತ ಲೆಕ್ಕ ಹಾಕಿದರೆ 100 ಸಿಎಫ್‌ಎಂ ಯಂತ್ರವೂ 8 ಅಡಿ ಎತ್ತರದ 750 ಚದರ ಅಡಿಗೆ ಸಾಕಾಗುತ್ತದೆ. ಐದು ಸಲ ಬೇಕು ಅಂದ ಕೂಡಲೇ ಅದೇ ಯಂತ್ರ 150 ಚದರ ಅಡಿಗೆ ಇಳಿಯುತ್ತದೆ. ಸುಳ್ಳು ಬರೆದಿದ್ದಾರೆ ಅನ್ನುವ ಹಾಗಿಲ್ಲ, ಆದರೆ ನಿಮ್ಮ ಉಪಯೋಗಕ್ಕೆ ಬರುವ ಅಂಕಿ ಅದಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಸಿಎಡಿಆರ್ ಅಳೆಯುವುದು ಯಂತ್ರದ ಅತಿ ಜೋರು ಸ್ಪೀಡ್‌ನಲ್ಲಿ. ಆ ಸ್ಪೀಡ್‌ನಲ್ಲಿ ಹೆಚ್ಚಿನ ಯಂತ್ರಗಳು 50 ಡೆಸಿಬೆಲ್ ದಾಟುತ್ತವೆ. ಪಕ್ಕದಲ್ಲಿ ಅಷ್ಟು ಸದ್ದಿದ್ದರೆ ಫೋನಿನಲ್ಲಿ ಮಾತಾಡೋಕೂ ಕಿರಿಕಿರಿ, ಮಲಗುವುದಂತೂ ದೂರದ ಮಾತು. ಡೆಸಿಬೆಲ್ 10 ಏರಿದರೆ ಕಿವಿಗೆ ಸದ್ದು ಸುಮಾರು ಎರಡರಷ್ಟು ಅನಿಸುತ್ತದೆ. ಹಾಗಾಗಿ 30 ಮತ್ತು 50ರ ನಡುವೆ ಸಣ್ಣ ಅಂತರ ಇದೆ ಅಂದುಕೊಳ್ಳಬೇಡಿ. ನಿದ್ದೆಗೆ 30ರ ಆಸುಪಾಸು ಇದ್ದರೆ ಹೆಚ್ಚಿನವರಿಗೆ ತೊಂದರೆ ಆಗುವುದಿಲ್ಲ. ಆದರೆ ಅಷ್ಟು ಮೆಲ್ಲಗೆ ಓಡುವಾಗ ಎಷ್ಟೋ ಯಂತ್ರಗಳು ತಮ್ಮ ಪೂರ್ತಿ ಅಂಕಿಯ ಮೂರನೇ ಒಂದು ಪಾಲನ್ನೂ ಕೊಡುವುದಿಲ್ಲ.

ಅದಕ್ಕೇ ಮಲಗುವ ಕೋಣೆಗೆ ಲೆಕ್ಕದಲ್ಲಿ ಬಂದದ್ದರ ಎರಡರಷ್ಟು ಸಿಎಡಿಆರ್ ಇರುವ ಯಂತ್ರ ತಗೊಳ್ಳಿ ಅನ್ನುತ್ತೇನೆ. 100 ಬಂದಿದ್ದರೆ 200 ಅಥವಾ ಅದಕ್ಕಿಂತ ಜಾಸ್ತಿ. ದೊಡ್ಡ ಯಂತ್ರವನ್ನು ಮೆಲ್ಲಗೆ ಓಡಿಸಿ, ಚೆನ್ನಾಗಿ ನಿದ್ದೆ ಮಾಡಿ. ಮಧ್ಯಮ ಬಜೆಟ್‌ನಲ್ಲಿ ಮೊದಲು ದುಡ್ಡು ಹೋಗಬೇಕಾದ್ದು ಇಲ್ಲಿಗೆ.

ಹೆಪಾ ಮತ್ತು ಫಿಲ್ಟರಿನ ಖರ್ಚು

ಹೆಪಾ ಅಂದರೆ ಒತ್ತಾಗಿ ಮಡಿಸಿದ ಸಣ್ಣ ನಾರಿನ ಹಾಳೆ. 0.3 ಮೈಕ್ರೋಮೀಟರ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯಬೇಕು ಅನ್ನುವುದು ಅಮೆರಿಕದ ಅಳತೆ. ಯುರೋಪಿನ ಎಚ್13 ದರ್ಜೆಗೆ 99.95 ಬೇಕು. ಅಳತೆಗೆ 0.3 ಯಾಕೆ ತೆಗೆದುಕೊಂಡರು? ಆ ಗಾತ್ರದ ಕಣ ಹಿಡಿಯುವುದೇ ಎಲ್ಲಕ್ಕಿಂತ ಕಷ್ಟ. ಅದಕ್ಕಿಂತ ದೊಡ್ಡವು ನಾರಿಗೆ ನೇರ ಬಡಿದು ಅಂಟಿಕೊಳ್ಳುತ್ತವೆ. ಅದಕ್ಕಿಂತ ಚಿಕ್ಕವು ಗಾಳಿಯಲ್ಲಿ ಅಡ್ಡಾದಿಡ್ಡಿ ಅಲೆದಾಡುತ್ತ ನಾರಿಗೆ ಸಿಕ್ಕಿಬೀಳುತ್ತವೆ. ಹಾಗಾಗಿ "0.1 ಮೈಕ್ರೋಮೀಟರ್‌ವರೆಗೂ ಹಿಡಿಯುತ್ತದೆ" ಅಂತ ಬರೆದಿದ್ದರೆ ಅದು ಹೆಚ್ಚುಗಾರಿಕೆಯೇನಲ್ಲ, ಒಳ್ಳೆಯ ಹೆಪಾ ಎಲ್ಲವೂ ಹಿಡಿಯುತ್ತವೆ.

ಎಚ್13ಕ್ಕೂ ಅದರ ಮೇಲಿನ ದರ್ಜೆಯಾದ ಎಚ್14ಕ್ಕೂ ನಡುವೆ ತಲೆ ಕೆಡಿಸಿಕೊಳ್ಳುವವರಿಗೆ ಒಂದು ಲೆಕ್ಕ. ಒಂದು ಯಂತ್ರ 100 ಪಾಲು ಗಾಳಿ ಎಳೆದು ಅದರಲ್ಲಿ ಶೇಕಡಾ 99.95ರಷ್ಟು ಕಣ ಹಿಡಿಯುತ್ತದೆ. ಇನ್ನೊಂದರ ಫಿಲ್ಟರ್ ಸ್ವಲ್ಪ ಕೆಳದರ್ಜೆಯದು, ಶೇಕಡಾ 95 ಮಾತ್ರ ಹಿಡಿಯುತ್ತದೆ, ಆದರೆ 130 ಪಾಲು ಗಾಳಿ ಎಳೆಯುತ್ತದೆ. ಮೊದಲನೆಯದು ಕೊಡುವ ಶುದ್ಧ ಗಾಳಿ ಹೆಚ್ಚುಕಮ್ಮಿ 100, ಎರಡನೆಯದು 123ಕ್ಕೂ ಜಾಸ್ತಿ. ಮನೆಯಲ್ಲಿ ಅದೇ ಗಾಳಿ ಮತ್ತೆ ಮತ್ತೆ ಫಿಲ್ಟರ್ ದಾಟುತ್ತದೆ, ಅಲ್ವಾ? ಹಾಗಾಗಿ ಗೆಲ್ಲುವುದು ಎರಡನೆಯದೇ. ಆಪರೇಷನ್ ಥಿಯೇಟರಿನ ಲೆಕ್ಕ ಬೇರೆ, ಮನೆಯದು ಬೇರೆ.

ಖರ್ಚಿನ ವಿಷಯಕ್ಕೆ ಬಂದರೆ ಯಂತ್ರದ ಬೆಲೆ ಬರೀ ಆರಂಭ. ಮೊದಲನೇ ಯಂತ್ರಕ್ಕೆ 100 ಅಂತ ಇಟ್ಟುಕೊಳ್ಳಿ, ಅದರ ಫಿಲ್ಟರಿಗೆ 20. ಆರು ತಿಂಗಳಿಗೊಮ್ಮೆ ಬದಲಿಸಬೇಕು. ಮೊದಲ ಫಿಲ್ಟರ್ ಯಂತ್ರದ ಜೊತೆಗೇ ಬರುವುದರಿಂದ ಐದು ವರ್ಷಕ್ಕೆ ಇನ್ನೂ ಒಂಬತ್ತು ಬೇಕು. ಒಟ್ಟು 280. ಎರಡನೇ ಯಂತ್ರಕ್ಕೆ 150. ಫಿಲ್ಟರಿಗೆ ಅದೇ 20, ಆದರೆ ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಐದು ವರ್ಷಕ್ಕೆ ಇನ್ನು ನಾಲ್ಕು, ಒಟ್ಟು 230. ಅಂಗಡಿಯಲ್ಲಿ ದುಬಾರಿ ಅನಿಸಿದ್ದೇ ಮನೆಯಲ್ಲಿ ಅಗ್ಗ ಆಯಿತು. ನಿಮ್ಮ ಪಟ್ಟಿಯಲ್ಲಿರುವ ಪ್ರತಿ ಯಂತ್ರಕ್ಕೂ ಈ ಲೆಕ್ಕ ಹಾಕಿ. ಹತ್ತು ನಿಮಿಷದ ಕೆಲಸ. ಫಿಲ್ಟರಿನ ಆಯಸ್ಸನ್ನು ದಿನಕ್ಕೆ ಎಷ್ಟು ಗಂಟೆ ಓಡಿಸಿ ಲೆಕ್ಕ ಹಾಕಿದ್ದಾರೆ ಅಂತಲೂ ನೋಡಿ. ದಿನಕ್ಕೆ 12 ಗಂಟೆಯ ಲೆಕ್ಕವಾಗಿದ್ದು ನೀವು ದಿನವಿಡೀ ಓಡಿಸಿದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ.

ಕರೆಂಟಿನ ಖರ್ಚು ಇದಕ್ಕೆ ಹೋಲಿಸಿದರೆ ಸಣ್ಣದು. 50 ವಾಟ್ ಯಂತ್ರ ದಿನವಿಡೀ ಓಡಿದರೆ 1.2 ಯೂನಿಟ್. ಡಿಸಿ ಮೋಟಾರ್ ಇದ್ದರೆ ಮೆಲ್ಲಗೆ ಓಡುವಾಗ ಅದಕ್ಕಿಂತ ಎಷ್ಟೋ ಕಡಿಮೆ.

ಇನ್ನು ಆಯ್ಕೆಗಳು

ಸರಳವಾದ, ದೊಡ್ಡ ಫ್ಯಾನಿನ ಯಂತ್ರ. ಒಂದು ಬಟನ್, ಮೂರ್ನಾಲ್ಕು ಸ್ಪೀಡ್, ಒಂದು ಹೆಪಾ, ಹೊರಗಡೆ ಕೂದಲು-ಧೂಳು ತಡೆಯುವ ಜಾಲರಿ. ಆ್ಯಪ್ ಇಲ್ಲ, ಬಣ್ಣದ ದೀಪ ಇಲ್ಲ. ಅದೇ ಬೆಲೆಯ ಸ್ಮಾರ್ಟ್ ಯಂತ್ರಕ್ಕಿಂತ ಇದರಲ್ಲಿ ಸಾಮಾನ್ಯವಾಗಿ ಸಿಎಡಿಆರ್ ಜಾಸ್ತಿ ಸಿಗುತ್ತದೆ. ಕೆಟ್ಟುಹೋಗುವ ಭಾಗಗಳೂ ಕಡಿಮೆ. ತೊಂದರೆ ಅಂದರೆ ಗಾತ್ರ, ಚಿಕ್ಕ ಮನೆಯಲ್ಲಿ ಜಾಗ ತಿನ್ನುತ್ತದೆ. ಗಾಳಿ ಕೆಟ್ಟಾಗ ಸ್ಪೀಡ್ ಏರಿಸುವುದನ್ನು ನೀವೇ ನೆನಪಿಟ್ಟು ಮಾಡಬೇಕು. ಆದರೂ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ.

ಸೆನ್ಸರ್, ಆ್ಯಪ್ ಇರುವ ಯಂತ್ರ. ಇದರಲ್ಲಿ ಕಣಗಳನ್ನು ಎಣಿಸುವ ಸೆನ್ಸರ್ ಇರುತ್ತದೆ. ಬೆಳಕು ಹಾಯಿಸಿ, ಕಣಗಳಿಗೆ ತಾಗಿ ಅದು ಎಷ್ಟು ಚದುರಿತು ಅಂತ ನೋಡಿ ಅಂದಾಜಿಸುತ್ತದೆ. ಪಿಎಂ 2.5, ಅಂದರೆ 2.5 ಮೈಕ್ರೋಮೀಟರ್ ಮತ್ತು ಅದಕ್ಕಿಂತ ಸಣ್ಣ ಕಣಗಳು ಎಷ್ಟಿವೆ ಅಂತ ಅಂಕಿಯಲ್ಲಿ ತೋರಿಸಿದರೆ ಬಹಳ ಉಪಯೋಗ. ಅಡುಗೆ ಮಾಡುವಾಗ ಎಷ್ಟು ಏರಿತು, ಕಿಟಕಿ ಮುಚ್ಚಿದ ಮೇಲೆ ಎಷ್ಟು ಹೊತ್ತಿಗೆ ಇಳಿಯಿತು ಅಂತ ಕಣ್ಣಿಗೇ ಕಾಣುತ್ತದೆ. ಬರೀ ಹಸಿರು, ಹಳದಿ, ಕೆಂಪು ದೀಪ ಇದ್ದರೆ ಅಷ್ಟು ಪ್ರಯೋಜನ ಇಲ್ಲ.

ಆಟೊ ಮೋಡ್ ಮೇಲೆ ಮಾತ್ರ ಪೂರ್ತಿ ಭಾರ ಹಾಕಬೇಡಿ. ಸೆನ್ಸರ್ ಇರುವುದು ಯಂತ್ರದ ಮೈಯಲ್ಲೇ. ಅದು ಅಳೆಯುವುದು ತನ್ನ ಸುತ್ತಲಿನ ಗಾಳಿಯನ್ನು, ನೀವು ಮಲಗಿರುವ ಮೂಲೆಯದನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ಮಿತಿಯನ್ನು ಇನ್ನೂ ಕೆಳಗಿಳಿಸಿತು. ಈಗ ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ, ದಿನದ ಸರಾಸರಿ 15. ಕೆಲವು ಯಂತ್ರಗಳಲ್ಲಿ ಇದಕ್ಕಿಂತ ಮೇಲಿದ್ದಾಗಲೂ ಹಸಿರು ದೀಪವೇ ಉರಿಯುತ್ತದೆ. ದೀಪ ಹಸಿರಾದ ಕೂಡಲೇ ಫ್ಯಾನ್ ಕೂಡ ನಿಧಾನ ಆಗುತ್ತದೆ. ಅದಕ್ಕಿಂತ ಸದ್ದು ತಡೆಯುವಷ್ಟು ಒಂದು ಸ್ಪೀಡ್ ಆರಿಸಿ, ಅಲ್ಲೇ ಬಿಟ್ಟುಬಿಡುವುದು ವಾಸಿ. ಅಂದಹಾಗೆ, ಮಂಜಿನಂತೆ ತೇವ ಉಗುಳುವ ಹ್ಯೂಮಿಡಿಫೈಯರ್ ಪಕ್ಕದಲ್ಲಿದ್ದರೆ ಸೆನ್ಸರ್ ಅಂಕಿ ಸಿಕ್ಕಾಪಟ್ಟೆ ಏರುತ್ತದೆ. ಗಾಬರಿಯಾಗಿ ಯಂತ್ರ ಕೆಟ್ಟಿದೆ ಅಂದುಕೊಳ್ಳಬೇಡಿ.

ಒಂದರ ಬದಲು ಎರಡು ಚಿಕ್ಕವು. ಈ ಆಯ್ಕೆ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಮುಚ್ಚಿದ ಬಾಗಿಲಿನ ಆಚೆಗೆ ಯಾವ ಪ್ಯೂರಿಫೈಯರೂ ಕೆಲಸ ಮಾಡುವುದಿಲ್ಲ. ಹಾಲ್‌ನಲ್ಲಿಟ್ಟ ದೊಡ್ಡ ಯಂತ್ರದಿಂದ ಮಗು ಮಲಗುವ ಕೋಣೆಗೆ ಏನೂ ಸಿಗದು. ಎರಡು ಕೋಣೆಗೆ ಎರಡು ಚಿಕ್ಕವು ಇಟ್ಟರೆ ಆ ಸಮಸ್ಯೆ ಇಲ್ಲ. ಒಂದೇ ದೊಡ್ಡ ಕೋಣೆಗೂ ಇದು ಒಳ್ಳೆಯ ಉಪಾಯ. ಒಂದೇ ತರಹದ ಎರಡು ಯಂತ್ರ ಒಟ್ಟಿಗೆ ಓಡಿದರೆ ಸದ್ದು ಏರುವುದು ಬರೀ 3 ಡೆಸಿಬೆಲ್, ಗಾಳಿ ಮಾತ್ರ ಎರಡರಷ್ಟು. ಒಂದು ಕೆಟ್ಟರೂ ಇನ್ನೊಂದು ಇರುತ್ತದೆ. ತೂಗಿ ನೋಡಬೇಕಾದ್ದು ಫಿಲ್ಟರಿನ ಖರ್ಚು. ಎರಡು ಜೊತೆ ಕೊಳ್ಳಬೇಕು, ಚಿಕ್ಕ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಕಾರ್ಬನ್ ಜಾಸ್ತಿ ಇರುವ ಯಂತ್ರ. ಹೆಪಾ ಕಣ ಹಿಡಿಯುತ್ತದೆ, ವಾಸನೆ ಹಿಡಿಯುವುದಿಲ್ಲ. ಪೇಂಟ್, ಹೊಸ ಫರ್ನಿಚರ್, ಹೊಗೆಯ ವಾಸನೆ ಇವೆಲ್ಲ ಅನಿಲಗಳು. ಅವನ್ನು ಹಿಡಿಯಲು ಆ್ಯಕ್ಟಿವೇಟೆಡ್ ಕಾರ್ಬನ್ ಬೇಕು. ಮಧ್ಯಮ ಬೆಲೆಯ ಹೆಚ್ಚಿನ ಯಂತ್ರಗಳಲ್ಲಿ "ಕಾರ್ಬನ್ ಫಿಲ್ಟರ್" ಅಂದರೆ ಕಪ್ಪು ಪುಡಿ ಸವರಿದ ಸ್ಪಂಜಿನ ತೆಳು ಹಾಳೆ. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ. ಇದು ಬೇಗ ತುಂಬಿಹೋಗುತ್ತದೆ. ತುಂಬಿದ ಮೇಲೆ, ಸೆಕೆ ಏರಿದಾಗ, ಹಿಡಿದಿದ್ದನ್ನೇ ಸ್ವಲ್ಪ ವಾಪಸ್ ಬಿಡಲೂಬಹುದು. ನಿಜವಾದ ಕಾರ್ಬನ್ ಫಿಲ್ಟರಿನಲ್ಲಿ ಕಾಳುಕಾಳಾದ ಇದ್ದಿಲು ಇರುತ್ತದೆ. ಅಲುಗಾಡಿಸಿದರೆ ಸದ್ದು ಬರುತ್ತದೆ, ಕೈಗೆ ತೂಕ ಸಿಗುತ್ತದೆ. ಅದನ್ನು ಕೊಡುವ ಯಂತ್ರಗಳ ಬೆಲೆ ಜಾಸ್ತಿ, ಸದ್ದೂ ಸ್ವಲ್ಪ ಜಾಸ್ತಿ. ಹೊಸ ಪ್ಲೈವುಡ್ಡಿನಿಂದ ಬರುವ ಫಾರ್ಮಾಲ್ಡಿಹೈಡ್ ಅನ್ನು ಬರೀ ಕಾರ್ಬನ್ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಪೊಟ್ಯಾಶಿಯಂ ಪರ್ಮ್ಯಾಂಗನೇಟಿನಂಥದ್ದನ್ನು ಸೇರಿಸಿದ ಫಿಲ್ಟರ್ ಬೇಕು. ವಾಸನೆಯೇ ನಿಮ್ಮ ಮುಖ್ಯ ತೊಂದರೆಯಾಗಿದ್ದರೆ ಮೊದಲು ಕಿಟಕಿ ತೆರೆದು, ಎಕ್ಸಾಸ್ಟ್ ಫ್ಯಾನ್ ಹಾಕಿ ನೋಡಿ. ಅದರಿಂದ ಆಗದಿದ್ದರೆ ಮಾತ್ರ ಇತ್ತ ಬನ್ನಿ. ಬರುವುದಾದರೆ ಕಾರ್ಬನ್ ಮತ್ತು ಹೆಪಾ ಬೇರೆ ಬೇರೆ ಬದಲಿಸುವಂತಿರುವುದನ್ನೇ ತಗೊಳ್ಳಿ. ಎರಡೂ ಅಂಟಿಕೊಂಡಿದ್ದರೆ ಕಾರ್ಬನ್ ಮುಗಿದ ದಿನ ಚೆನ್ನಾಗಿರುವ ಹೆಪಾವನ್ನೂ ಎಸೆಯಬೇಕಾಗುತ್ತದೆ.

ಅಯಾನೈಸರ್, ಪ್ಲಾಸ್ಮಾ, ತೊಳೆಯುವ ತಟ್ಟೆ. ಕಣಗಳಿಗೆ ವಿದ್ಯುತ್ ಚಾರ್ಜ್ ಕೊಟ್ಟು ತಟ್ಟೆಗೆ ಅಂಟಿಸುವ ಯಂತ್ರಗಳಿವೆ. ಫಿಲ್ಟರ್ ಕೊಳ್ಳುವ ಖರ್ಚೇ ಇಲ್ಲ, ತಟ್ಟೆ ತೊಳೆದು ಒಣಗಿಸಿ ಹಾಕಿದರಾಯಿತು. ಕೇಳೋಕೆ ಚೆನ್ನಾಗಿದೆ. ಆದರೆ ತಟ್ಟೆ ಕೊಳೆಯಾದಂತೆ ಹಿಡಿಯುವ ಶಕ್ತಿ ಬೇಗ ಬೀಳುತ್ತದೆ. ತೊಳೆಯುವ ಸೋಮಾರಿತನ ಎಲ್ಲರಿಗೂ ಬರುತ್ತದೆ. ಇವು ಓಝೋನ್ ಉಂಟುಮಾಡುವ ಸಾಧ್ಯತೆಯೂ ಇದೆ. ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು. ಮನೆಯಲ್ಲಿ ಬಳಸುವ ಪ್ಯೂರಿಫೈಯರುಗಳು ಹತ್ತು ಲಕ್ಷಕ್ಕೆ 0.05 ಪಾಲಿಗಿಂತ ಹೆಚ್ಚು ಓಝೋನ್ ಬಿಡಬಾರದು ಅಂತ ಕ್ಯಾಲಿಫೋರ್ನಿಯಾ ರಾಜ್ಯ ಕಾನೂನನ್ನೇ ಮಾಡಿದೆ. ಅಸ್ತಮಾ ಇರುವ ಮನೆಗೆ ಇವು ಬೇಡ. ಹೆಪಾ ಯಂತ್ರದಲ್ಲೇ ಅಯಾನೈಸರ್ ಇದ್ದರೆ ಅದನ್ನು ಆಫ್ ಮಾಡಲು ಬೇರೆ ಬಟನ್ ಇದೆಯಾ ನೋಡಿ, ಇದ್ದರೆ ಆಫ್ ಮಾಡಿಬಿಡಿ. ಯುವಿ ದೀಪಕ್ಕೂ ಬೆಲೆ ಕೊಡಬೇಡಿ. ಗಾಳಿ ಅದರ ಮುಂದೆ ಕ್ಷಣ ಮಾತ್ರ ಹಾದುಹೋಗುತ್ತದೆ, ಅಷ್ಟರಲ್ಲಿ ಆಗುವ ಕೆಲಸ ಕಡಿಮೆ.

ಫ್ಯಾನ್ ಮತ್ತು ಪ್ಯೂರಿಫೈಯರ್ ಒಂದರಲ್ಲೇ ಇರುವ ಟವರ್‌ಗಳು ಚಂದ, ಜಾಗ ಉಳಿಸುತ್ತವೆ. ಕೊಟ್ಟ ದುಡ್ಡಿಗೆ ಸಿಗುವ ಸಿಎಡಿಆರ್ ಮಾತ್ರ ಸಾಮಾನ್ಯವಾಗಿ ಕಡಿಮೆ.

ಕೊನೆಯದು, ಕೈಯಾರೆ ಮಾಡುವ ಪೆಟ್ಟಿಗೆ. 2020ರಲ್ಲಿ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂಥಾಲ್ ಅನ್ನುವವರು ಹಬ್ಬಿಸಿದ ಉಪಾಯ ಇದು. ಎಸಿಯ ಗಾಳಿ ಸೋಸುವ ಚೌಕದ ಫಿಲ್ಟರ್ ನಾಲ್ಕನ್ನು ಪೆಟ್ಟಿಗೆಯಂತೆ ನಿಲ್ಲಿಸಿ, ಮೇಲೊಂದು ಚೌಕದ ಫ್ಯಾನ್ ಇಟ್ಟು ಟೇಪ್ ಸುತ್ತುವುದು. ಮರ್ವ್ 13 ದರ್ಜೆಯ ಫಿಲ್ಟರ್ ಬೇಕು. ಅದು 0.3ರಿಂದ 1 ಮೈಕ್ರೋಮೀಟರಿನ ಕಣಗಳಲ್ಲಿ ಕನಿಷ್ಠ ಅರ್ಧದಷ್ಟನ್ನು ಮಾತ್ರ ಹಿಡಿಯುತ್ತದೆ. ಆದರೆ ಗಾಳಿ ಎಷ್ಟು ಜಾಸ್ತಿ ಎಳೆಯುತ್ತದೆ ಅಂದರೆ ಒಟ್ಟು ಲೆಕ್ಕದಲ್ಲಿ ಮಧ್ಯಮ ಬೆಲೆಯ ಯಂತ್ರಗಳನ್ನು ಮೀರಿಸುತ್ತದೆ. ಮೇಲೆ ಹೇಳಿದ 95ರ ಲೆಕ್ಕವೇ ಇಲ್ಲೂ. ಸದ್ದು ಮತ್ತು ಗಾತ್ರ ಎರಡೂ ದೊಡ್ಡವು, ಹಾಲ್‌ಗೆ ಸರಿ, ಮಲಗುವ ಕೋಣೆಗೆ ಕಷ್ಟ.

ಗಿಡ ಇಟ್ಟರೆ ಸಾಲದಾ ಅಂತ ಕೇಳುವವರಿದ್ದಾರೆ. ಗಿಡ ಗಾಳಿ ಶುದ್ಧ ಮಾಡುತ್ತದೆ ಅಂದ ನಾಸಾದ 1989ರ ಪ್ರಯೋಗ ನಡೆದದ್ದು ಮುಚ್ಚಿದ ಚಿಕ್ಕ ಪೆಟ್ಟಿಗೆಯೊಳಗೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಇಂಥ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದರು. ಕಟ್ಟಡದಲ್ಲಿ ಸುಮ್ನೆ ಆಗುವ ಗಾಳಿಯಾಟಕ್ಕೆ ಗಿಡಗಳು ಸರಿಗಟ್ಟಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಅಂತ ತಿಳಿಯಿತು. ಗಿಡ ಕಣ್ಣಿಗೆ ಹಿತ, ಅದಕ್ಕಾಗಿ ಇಡಿ.

ನಿಮ್ಮ ಮನೆಗೆ ಯಾವುದು?

ಅಸ್ತಮಾ ಇರುವ ಮಗು ಮನೆಯಲ್ಲಿದ್ದರೆ ಇರುವ ಬಜೆಟ್ ಎಲ್ಲ ಮಗು ಮಲಗುವ ಕೋಣೆಗೆ ಹಾಕಿ. ಸರಳ ದೊಡ್ಡ ಯಂತ್ರ, ಅಯಾನೈಸರ್ ಇಲ್ಲದ್ದು, ರಾತ್ರಿಯಿಡೀ ಓಡಲಿ. ಹಾಸಿಗೆಯ ಧೂಳುಹುಳದ ಅಲರ್ಜಿ ಆದರೆ ಯಂತ್ರ ಒಂದೇ ಸಾಲದು. ಆ ಕಣಗಳು ಭಾರ, ಬೇಗ ಕೆಳಗೆ ಕೂರುತ್ತವೆ, ಫಿಲ್ಟರ್‌ವರೆಗೆ ಬರುವುದೇ ಇಲ್ಲ. ಹೊದಿಕೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುವುದರಿಂದ ಜಾಸ್ತಿ ಪ್ರಯೋಜನ. ಪ್ಯೂರಿಫೈಯರ್ ಬಂತು ಅಂತ ಇನ್‌ಹೇಲರ್ ಮಾತ್ರ ನಿಲ್ಲಿಸಬೇಡಿ.

ಬೆಕ್ಕು ಇರುವ ಮನೆಯಲ್ಲಿ ಯಂತ್ರದಿಂದ ಒಳ್ಳೆಯ ಲಾಭ ಇದೆ. ಬೆಕ್ಕಿನ ಅಲರ್ಜಿ ತರುವ ಕಣಗಳಲ್ಲಿ ಸಣ್ಣವು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತವೆ. ಹೊರ ಜಾಲರಿ ಸುಲಭವಾಗಿ ತೆಗೆದು ತೊಳೆಯುವಂತಿರಬೇಕು, ವಾರಕ್ಕೊಮ್ಮೆ ಕೂದಲು ತೆಗೆಯುವ ಕೆಲಸ ಇದ್ದೇ ಇದೆ.

ಬಾಡಿಗೆ ಮನೆ ಬದಲಿಸುತ್ತಾ ಇರುವವರಿಗೆ, ಎರಡು ಕೋಣೆಯಲ್ಲಿ ಮಲಗುವ ಮನೆಯವರಿಗೆ ಎರಡು ಚಿಕ್ಕವು ಸರಿ. ಹೊರಗಿನ ಗಾಳಿ ದಿನಕ್ಕೊಂದು ತರಹ ಇರುವ ಕಡೆ ಅಂಕಿ ತೋರಿಸುವ ಸೆನ್ಸರಿಗೆ ದುಡ್ಡು ಕೊಡುವುದು ದಂಡ ಅಲ್ಲ. ಬಜೆಟ್ ತೀರಾ ಬಿಗಿ ಆದರೆ ಒಂದು ಚಿಕ್ಕ ಯಂತ್ರ ಕೊಂಡು ಮಲಗುವ ಕೋಣೆಯಲ್ಲಷ್ಟೇ ಇಡಿ. ಅದೇ ಚಿಕ್ಕದನ್ನು ದೊಡ್ಡ ಹಾಲ್‌ನಲ್ಲಿಟ್ಟರೆ ಗೊತ್ತಾಗುವಂಥ ವ್ಯತ್ಯಾಸ ಏನೂ ಆಗುವುದಿಲ್ಲ.

ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೆಳಿಗ್ಗೆ ಎದ್ದಾಗ ತಲೆ ಭಾರ ಅನ್ನುವವರು ಯಾವ ಯಂತ್ರ ಕೊಂಡರೂ ಅದು ಹೋಗದಿರಬಹುದು. ನಾವು ಉಸಿರು ಬಿಟ್ಟಾಗ ಸೇರುವ ಕಾರ್ಬನ್ ಡೈಆಕ್ಸೈಡ್ ಅನ್ನು ಪ್ಯೂರಿಫೈಯರ್ ತೆಗೆಯುವುದಿಲ್ಲ. ಕಾರ್ಬನ್ ಮೊನಾಕ್ಸೈಡ್ ಅನ್ನೂ ತೆಗೆಯುವುದಿಲ್ಲ. ಅದಕ್ಕೆ ಹೊರಗಿನ ಗಾಳಿಯೇ ಬೇಕು.

ದುಡ್ಡು ಕೊಡುವ ಮೊದಲು ಅದೇ ಮಾಡೆಲ್ಲಿನ ಫಿಲ್ಟರ್ ಈಗ ಬಿಡಿಯಾಗಿ ಸಿಗುತ್ತಿದೆಯಾ ಅಂತ ಹುಡುಕಿ ನೋಡಿ. ಸಿಗದಿದ್ದರೆ ಆ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಮನೆಗೆ ತಂದ ಮೇಲೆ ಹಿಂದಿನ ಮುಚ್ಚಳ ತೆಗೆದು ಫಿಲ್ಟರ್ ಹೊರಗೆ ಎಳೆಯಿರಿ. ಅದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿಯೇ ಕಳಿಸುತ್ತಾರೆ. ಪರಿಚಯದವರೊಬ್ಬರ ಮನೆಯಲ್ಲಿ ಯಂತ್ರ ವಾರಗಟ್ಟಲೆ ಓಡಿತ್ತು. ಮುಚ್ಚಳ ತೆಗೆದು ನೋಡಿದರೆ ಕವರ್ ಹಾಗೇ ಇತ್ತು, ಹಾಳೆ ಹೊಸದರಂತೆ ಬೆಳ್ಳಗಿತ್ತು. ಕವರ್ ತೆಗೆದು, ಫಿಲ್ಟರಿನ ಅಂಚಿನಲ್ಲಿ ಇವತ್ತಿನ ತಾರೀಖು ಬರೆದು ಒಳಗಿಡಿ. ಗೋಡೆಯಿಂದ ಒಂದು ಅಡಿ ದೂರ ನಿಲ್ಲಿಸಿ, ಪರದೆಯ ಹಿಂದೆ ಬೇಡ.

ವಾಪಸ್ ಮಾಡುವ ಅವಧಿ ಮುಗಿಯುವ ಮೊದಲು ಎರಡು ರಾತ್ರಿ ಅದರ ಪಕ್ಕ ಮಲಗಿ ನೋಡಿ. ಮೊದಲ ರಾತ್ರಿ ಮಧ್ಯದ ಸ್ಪೀಡ್‌ನಲ್ಲಿ ಇಡಿ. ನಿದ್ದೆ ಬಂದರೆ ಆ ಯಂತ್ರ ನಿಮ್ಮದೇ. ಬರದಿದ್ದರೆ ಎರಡನೆಯ ರಾತ್ರಿ ಒಂದು ಹಂತ ಕೆಳಗಿಳಿಸಿ, ಆ ಸ್ಪೀಡ್‌ನಲ್ಲಿ ಎಷ್ಟು ಗಾಳಿ ಬರುತ್ತದೆ ಅಂತ ಕಂಪನಿಗೆ ಫೋನ್ ಮಾಡಿ ಕೇಳಿ. ಅವರು ಹೇಳುವ ಅಂಕಿ ನಿಮ್ಮ ಕೋಣೆಯ ಲೆಕ್ಕದ ಅರ್ಧಕ್ಕೂ ಬರದಿದ್ದರೆ, ಅಥವಾ ಅವರಿಂದ ಉತ್ತರವೇ ಬರದಿದ್ದರೆ, ವಾಪಸ್ ಕಳಿಸಿ ಒಂದು ಗಾತ್ರ ದೊಡ್ಡದನ್ನು ತರಿಸಿಕೊಳ್ಳಿ.